ಸರ್ವರ್‌ಗಿಂತ ಮೊದಲೇ ಪಿಸಿ ಎದ್ರೆ

ಪ್ರಶ್ನೆ: ಸರ್, ಶಿರಸಿಯಲ್ಲಿ ನಮ್ದೊಂದು ಫೋಟೋ ಸ್ಟುಡಿಯೋ. ಎಡಿಟಿಂಗಿಗೆ ಎರಡು ಉಬುಂಟು ಪಿಸಿ, ಒಳಗಿನ ರೂಮಲ್ಲಿ ಇರೋ ಹಳೇ ಪಿಸಿನೇ ಸರ್ವರ್, ಮದುವೆ ಮುಂಜಿ ಫೋಟೋ ಎಲ್ಲಾ ಅದ್ರಲ್ಲೇ, ಎನ್‌ಎಫ್‌ಎಸ್ (ನೆಟ್‌ವರ್ಕಲ್ಲಿ ಫೈಲ್ ಹಂಚ್ಕೊಳ್ಳೋ ವ್ಯವಸ್ಥೆ) ಮೌಂಟ್ ಮಾಡ್ಕೊಂಡಿದೀವಿ, ಅಂದ್ರೆ ಸರ್ವರಿನ ಫೋಲ್ಡರ್ ನಮ್ಮ ಪಿಸಿಯಲ್ಲೇ ಇರೋ ಹಾಗೆ ಕಾಣುತ್ತೆ. ಮಳೆಗಾಲದಲ್ಲಿ ಇಲ್ಲಿನ ಕರೆಂಟ್ ಕಥೆ ನಿಮಗೆ ಗೊತ್ತೇ ಇದೆ, ಹೋಗಿ ಬಂದ್ಮೇಲೆ ಪಿಸಿ ಆನ್ ಮಾಡಿದ್ರೆ ಒಂದೂವರೆ ನಿಮಿಷ ಲಾಗಿನ್ನೇ ಬರಲ್ಲ, ಕೆಲಸದ ಮಧ್ಯೆ ಸರ್ವರ್ ಹೋದ್ರಂತೂ ಫೋಲ್ಡರ್ ಹ್ಯಾಂಗ್ ಆಗಿ ಕೂತ್ಬಿಡುತ್ತೆ, ಪ್ರೋಗ್ರಾಮ್ ನಿಲ್ಲಿಸೋ ಕಿಲ್ ಕಮಾಂಡ್ ಕೊಟ್ರೂ ಸಾಯಲ್ಲ. ಗೆಳೆಯರೊಬ್ರು 'ಸಾಫ್ಟ್' ಅನ್ನೋ ಆಪ್ಶನ್ ಹಾಕಿ ಅಂದ್ರು. ಹಾಕ್ಲಾ?

ಉತ್ತರ: ಬೇಡ ಮಾರಾಯ್ರೆ. ಫೋಟೋ ಬರೆಯೋ ಫೋಲ್ಡರಿಗಂತೂ ಬೇಡವೇ ಬೇಡ.

ಏನೂ ಹೇಳದಿದ್ರೆ ಎನ್‌ಎಫ್‌ಎಸ್ 'ಹಾರ್ಡ್' ಆಗೇ ಮೌಂಟ್ ಆಗುತ್ತೆ, ಅಂದ್ರೆ ಸರ್ವರ್ ಮಾತಾಡೋ ತನಕ ಕಾಯ್ತಾನೇ ಇರುತ್ತೆ, ಸರ್ವರ್ ಎದ್ದ ಕೂಡ್ಲೇ ನಿಂತಲ್ಲಿಂದ ಮುಂದುವರಿಯುತ್ತೆ. ನೀವು ಹ್ಯಾಂಗ್ ಅಂತ ಬೈತಿರೋದು ಇದಕ್ಕೇ. ಸಾಫ್ಟ್ ಹಾಕಿದ್ರೆ ಒಂದಷ್ಟು ಸಲ ಕೇಳಿ, ಉತ್ತರ ಬರದಿದ್ರೆ ಎರರ್ ಕೊಟ್ಟು ಕೈಬಿಡುತ್ತೆ. ಓದೋವಾಗ ಆದ್ರೆ ಪರವಾಗಿಲ್ಲ ಅನ್ನಿ. ಬರೆಯೋವಾಗ ಹಾಗಲ್ಲ, ನೀವು ಸೇವ್ ಒತ್ತಿದ ತಕ್ಷಣ ಡೇಟಾ ಸರ್ವರಿಗೆ ಹೋಗಿರಲ್ಲ, ಪಿಸಿಯ ಮೆಮೊರಿಯಲ್ಲಿ ಕೂತಿರುತ್ತೆ, ಆಮೇಲೆ ನಿಧಾನ ಹೋಗುತ್ತೆ, ಅಷ್ಟರಲ್ಲಿ ಕರೆಂಟ್ ಹೋಗಿ ಎರರ್ ಬಂದ್ರೆ ಅದನ್ನ ಸರಿಯಾಗಿ ನೋಡದ ಸಾಫ್ಟ್‌ವೇರ್‌ಗಳೇ ಜಾಸ್ತಿ. ಧಾರೆ ಎರೆಯೋ ಫೋಟೋ ಅರ್ಧ ಬಂದು ಕೆಳಗರ್ಧ ಬೂದಿ ಬಣ್ಣ, ಅದೂ ಗಿರಾಕಿ ಆಲ್ಬಮ್ ಕೇಳಿದ ದಿನ ಗೊತ್ತಾಗೋದು.

ನಿಮ್ಮ ನಿಜವಾದ ತೊಂದ್ರೆ ಬೇರೆ. ಕರೆಂಟ್ ಬಂದಾಗ ಹಳೇ ಸರ್ವರ್ ಡಿಸ್ಕ್ ಚೆಕ್ ಮಾಡ್ಕೊಂಡು ಏಳೋ ಹೊತ್ತಿಗೆ ಹೊಸ ಪಿಸಿಗಳು ಎದ್ದು ಮೌಂಟ್‌ಗೆ ಕಾಯ್ತಿರ್ತವೆ. ಉಬುಂಟುನ ಎಬ್ಬಿಸೋ ಸಿಸ್ಟಮ್‌ಡಿ ಅನ್ನೋ ಪ್ರೋಗ್ರಾಮು ನೆಟ್‌ವರ್ಕ್ ಮೌಂಟ್‌ಗಳೆಲ್ಲ ಮುಗಿಯೋ ತನಕ ಲಾಗಿನ್‌ಗೆ ಬಿಡಲ್ಲ, ಅದರ ಮಾಮೂಲಿ ಗಡುವು 90 ಸೆಕೆಂಡು, ನಿಮ್ಮ ಒಂದೂವರೆ ನಿಮಿಷ ಅದೇ. ಮೌಂಟ್‌ಗಳ ಪಟ್ಟಿ ಇರೋ ಎಫ್‌ಎಸ್‌ಟ್ಯಾಬ್ ಫೈಲಲ್ಲಿ ನಿಮ್ಮ ಎನ್‌ಎಫ್‌ಎಸ್ ಸಾಲಿಗೆ 'ನೋಫೇಲ್' ಸೇರ್ಸಿ, ಜೊತೆಗೆ 'ಎಕ್ಸ್-ಸಿಸ್ಟಮ್‌ಡಿ.ಆಟೋಮೌಂಟ್'. ಮೊದಲನೇದ್ರಿಂದ ಬೂಟ್ ಕಾಯಲ್ಲ, ಎರಡನೇದ್ರಿಂದ ನೀವು ಫೋಲ್ಡರ್ ಮುಟ್ಟಿದಾಗ ಮಾತ್ರ ಮೌಂಟ್ ಆಗುತ್ತೆ. ಹಾರ್ಡ್ ಹಾಗೇ ಇರ್ಲಿ. ಬದಲಾಯಿಸಿದ್ಮೇಲೆ ಒಮ್ಮೆ ರೀಬೂಟ್ ಮಾಡಿ.

ಸಾಯದೇ ಇರೋ ಪ್ರೋಗ್ರಾಮಿಗೆ ಬರೀ ಕಿಲ್ ಸಾಲಲ್ಲ, ಕಿಲ್ ಮೈನಸ್ 9 ಕೊಡಿ. 'ಇಂಟರ್' ಅನ್ನೋ ಆಪ್ಶನ್ ಹಾಕಿ ಅಂತ ಹಳೇ ಲೇಖನಗಳಲ್ಲಿ ಬರೆದಿರ್ತಾರೆ, ಲಿನಕ್ಸ್ ಕರ್ನಲ್ 2.6.25ರಿಂದ ಈಚೆ ಅದಕ್ಕೆ ಅರ್ಥನೇ ಇಲ್ಲ, ಹಾಕಿದ್ರೂ ಲೆಕ್ಕಕ್ಕಿಲ್ಲ. ಒಂದ್ಸಲಕ್ಕೆ ಎಷ್ಟು ಬೈಟ್ ಓದ್ಬೇಕು, ಬರೀಬೇಕು ಅನ್ನೋ 'ಆರ್‌ಸೈಜ್' 'ಡಬ್ಲ್ಯೂಸೈಜ್' 8192 ಅಂತ ಹಾಕೋದೂ ಅದೇ ಕಾಲದ್ದು. ಈಗ ಎರಡೂ ಕಡೆಯವು ತಾವೇ ಮಾತಾಡ್ಕೊಂಡು ಬೇಕಾದ್ರೆ 10,48,576 ಬೈಟ್ ತನಕ ಹೋಗ್ತವೆ, ಕಮ್ಮಿ ಮಾಡಿ ನೀವೇ ಯಾಕೆ ಸ್ಲೋ ಮಾಡ್ಕೊಳ್ತೀರಿ. ಉತ್ತರಕ್ಕೆ ಎಷ್ಟು ಹೊತ್ತು ಕಾಯ್ಬೇಕು ಅನ್ನೋ 'ಟೈಮೋ' ಮುಟ್ಟೋದಾದ್ರೆ ಅದು ಸೆಕೆಂಡಲ್ಲ, ಸೆಕೆಂಡಿನ ಹತ್ತನೇ ಒಂದು ಭಾಗ. 600 ಅಂದ್ರೆ 60 ಸೆಕೆಂಡು. 10 ಅಂತ ಹಾಕಿ ಹತ್ತು ಸೆಕೆಂಡು ಅಂದ್ಕೊಂಡಿರೋರು ಬಹಳ ಜನ.

ಮತ್ತೆ, ಸರ್ವರಿಗೊಂದು ಯುಪಿಎಸ್ ಹಾಕ್ಸಿ ಸ್ವಾಮಿ. ಎಡಿಟಿಂಗ್ ಪಿಸಿಗೆ ಹಾಕಿ ಸರ್ವರಿಗೆ ಹಾಕದಿರೋದು ಯಾವ ನ್ಯಾಯ.

ಪ್ರಶ್ನೆ: ಕಾರವಾರದ ಕೋಡಿಬಾಗದಲ್ಲಿ ಮನೆ, ಆಫೀಸು ಹುಬ್ಬಳ್ಳಿಯಲ್ಲಿ. ಮನೆಯಿಂದ ಆಫೀಸಿನ ಫೈಲ್ ನೋಡೋಕೆ ಎನ್‌ಎಫ್‌ಎಸ್ ಪೋರ್ಟ್ ಇಂಟರ್ನೆಟ್ಟಿಗೆ ಓಪನ್ ಮಾಡಿದ್ರೆ ಆಗುತ್ತಾ?

ಉತ್ತರ: ಆಗುತ್ತೆ, ಆದ್ರೆ ಮಾಡಬೇಡಿ. ಮಾಮೂಲಿ ಎನ್‌ಎಫ್‌ಎಸ್‌ನಲ್ಲಿ ಪಾಸ್‌ವರ್ಡ್ ಇರಲ್ಲ, ಫೈಲ್ ಕೇಳೋ ಪಿಸಿ (ಕ್ಲೈಂಟ್) 'ನಾನು ಯೂಸರ್ 1000' ಅಂದ್ರೆ ಸರ್ವರ್ ನಂಬುತ್ತೆ, ಡೇಟಾನೂ ಬೆತ್ತಲೆ ಹೋಗುತ್ತೆ. ಎನ್‌ಎಫ್‌ಎಸ್ ಬಳಸೋ 2049ನೇ ಪೋರ್ಟ್ ಹೊರಗಡೆಗೆ ಮುಚ್ಚೇ ಇಡಿ. ಆಫೀಸಲ್ಲಿ ಎಸ್‌ಎಸ್‌ಎಚ್ (ದೂರದಿಂದ ಭದ್ರವಾಗಿ ಲಾಗಿನ್ ಆಗೋ ದಾರಿ) ಇದ್ರೆ ಅದರ ಮೇಲೇ ಫೋಲ್ಡರ್ ಮೌಂಟ್ ಮಾಡೋ ಎಸ್‌ಎಸ್‌ಎಚ್‌ಎಫ್‌ಎಸ್ ಸಾಕು, ಸರ್ವರಲ್ಲಿ ಹೊಸದಾಗಿ ಏನೂ ಹಾಕ್ಬೇಕಾಗಿಲ್ಲ, ರೂಟ್ (ಎಲ್ಲಾ ಅಧಿಕಾರ ಇರೋ ಯೂಸರ್) ಆಗದೇನೂ ಮೌಂಟ್ ಮಾಡ್ಬಹುದು. 'ರೀಕನೆಕ್ಟ್' ಆಪ್ಶನ್ ಕೊಡಿ, ಇಲ್ಲಾಂದ್ರೆ ನೆಟ್ ಒಂದ್ಸಲ ಕಟ್ ಆದ್ರೆ ಮತ್ತೆ ಕೈಯಿಂದಲೇ ಮೌಂಟ್ ಮಾಡ್ಬೇಕು. ಸ್ಪೀಡ್ ಸ್ವಲ್ಪ ಕಮ್ಮಿನೇ, ವರ್ಡ್ ಎಕ್ಸೆಲ್ ಫೈಲಿಗೆ ತೊಂದ್ರೆ ಇಲ್ಲ.

ಪ್ರಶ್ನೆ: ಕುಮಟಾದಿಂದ. ರೂಟ್ ಆಗಿದ್ರೂ ಮೌಂಟ್ ಮಾಡಿದ ಫೋಲ್ಡರಲ್ಲಿ ಬರೆಯೋಕೆ ಬಿಡಲ್ಲ, ಯಾಕೆ?

ಉತ್ತರ: ಸರ್ವರಲ್ಲಿ 'ರೂಟ್ ಸ್ಕ್ವಾಶ್' ತಾನಾಗೇ ಆನ್ ಇರುತ್ತೆ, ನಿಮ್ಮ ರೂಟ್ ಅಲ್ಲಿ ಅಧಿಕಾರವೇ ಇಲ್ಲದ 'ನೋಬಡಿ' ಆಗ್ಬಿಡುತ್ತೆ. ಆಫ್ ಮಾಡೋಕೆ ಹೋಗ್ಬೇಡಿ. ಎರಡೂ ಕಡೆ ಒಂದೇ ಯೂಸರ್ ನಂಬರ್ ಇರೋ ಖಾತೆ ಮಾಡ್ಕೊಂಡು ಅದರಿಂದ ಬರೀರಿ.