ಮೇಲೆ ಸೋಲಾರ್, ಕೆಳಗೆ ಲಾನ್: ಕಲಬುರಗಿಯ ಓದುಗರಿಗೆ ಸಂಪಾದಕರ ಉತ್ತರ

ಶರಣು. ನಿಮ್ಮ ಪತ್ರ ತಲುಪಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ನೀವು ಬರೆದದ್ದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನಿಮ್ಮ ಕಚೇರಿಗೆ ಹೊಸ ಕಟ್ಟಡವಾಗಿದೆ. ಮಾಳಿಗೆ ತುಂಬ ಸೋಲಾರ್, ಒಳಗೆ ಎಲ್‌ಇಡಿ ದೀಪ, ಕಿಟಕಿಗೆ ಎರಡು ಪದರದ ಗಾಜು, ಬಾಗಿಲ ಪಕ್ಕ ಹಸಿರು ಕಟ್ಟಡ ಎಂಬ ಫಲಕ. ಹೊರಗೆ ಸುಮಾರು ಒಂದು ಎಕರೆ ಲಾನ್, ಎರಡು ಸಾಲು ರಾಯಲ್ ಪಾಮ್, ಮಿಕ್ಕದ್ದೆಲ್ಲ ಪೇವರ್. ಇದ್ದ ಬೇವಿನ ಮರಗಳು ಕಟ್ಟುವಾಗಲೇ ಹೋದವು. ಬೆಳಗ್ಗೆ ಸಂಜೆ ಬೋರ್ ಓಡುತ್ತದೆ. ಪಿಂಚಣಿಯ ಕೆಲಸಕ್ಕೆ ಬಂದ ಅಜ್ಜಿಯೊಬ್ಬರು ಜೀಪಿನ ನೆರಳಲ್ಲಿ ಕೂತಿದ್ದರಂತೆ. ಡ್ರೈವರ್ ಬಂದು ಗಾಡಿ ತೆಗೆದಾಗ ಎದ್ದು ಇನ್ನೊಂದು ಜೀಪಿನ ಪಕ್ಕಕ್ಕೆ ಹೋದರಂತೆ. "ಇದಕ್ಕೆ ಹಸಿರು ಕಟ್ಟಡ ಅನ್ನಬಹುದಾ? ಸಾಹೇಬರಿಗೆ ಏನಂತ ಹೇಳಲಿ?" ಎಂದು ಕೇಳಿದ್ದೀರಿ.

ಒಳಗಿನ ಮಟ್ಟಿಗೆ ಅನ್ನಬಹುದು. ಹೊರಗಿನ ಮಟ್ಟಿಗೆ ಇಲ್ಲ. ಸಾಹೇಬರಿಗೆ ಪರಿಸರದ ಮಾತು ಹೇಳಬೇಡಿ, ಕರೆಂಟಿನ ಲೆಕ್ಕ ಹೇಳಿ.

ನಮ್ಮ ಬೇಸಿಗೆಯಲ್ಲಿ ಲಾನ್ ಹಸಿರಾಗಿರಬೇಕಾದರೆ ಚದರ ಮೀಟರಿಗೆ ದಿನಕ್ಕೆ ಏನಿಲ್ಲವೆಂದರೂ 5 ಲೀಟರ್ ನೀರು ಬೇಕು. ಒಂದು ಎಕರೆ ಸುಮಾರು 4,000 ಚದರ ಮೀಟರ್. ದಿನಕ್ಕೆ 20,000 ಲೀಟರ್ ಆಯಿತು, ಅಂದರೆ ನಾಲ್ಕು ಟ್ಯಾಂಕರ್. ಇಷ್ಟು ನೀರನ್ನು 500 ಅಡಿಯಿಂದ ಎತ್ತಲು ಸಾಮಾನ್ಯ ಸಬ್‌ಮರ್ಸಿಬಲ್ ಮೋಟಾರಿಗೆ ಹೆಚ್ಚುಕಡಿಮೆ 20 ಯೂನಿಟ್ ಬೇಕು. 1 ಕಿಲೋವಾಟ್ ಸೋಲಾರ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಅಲ್ಲಿಗೆ ನಿಮ್ಮ ಮಾಳಿಗೆಯ ಮೇಲಿನ 5 ಕಿಲೋವಾಟ್ ಪ್ಯಾನೆಲ್ ಬರೀ ಹುಲ್ಲಿಗೆ ದುಡಿಯುತ್ತಿದೆ. ಆ ಹುಲ್ಲಿನ ಮೇಲೆ ಕಾಲಿಡಬೇಡಿ ಅಂತ ಬೋರ್ಡು ಬೇರೆ ಇರುತ್ತದೆ, ಅಲ್ವಾ?

ಮಳೆ ನೀರು ಹಿಡಿದರೆ ಸಾಕಾಗಲ್ವಾ ಎಂದು ಅವರು ಕೇಳಬಹುದು. 1,000 ಚದರ ಮೀಟರ್ ಮಾಳಿಗೆ ಅಂತ ಇಟ್ಟುಕೊಳ್ಳಿ. ಕಲಬುರಗಿಯ ಮಳೆ ವರ್ಷಕ್ಕೆ 750 ಮಿ.ಮೀ. ಆಸುಪಾಸು. ಸೋರಿದ್ದು, ಆರಿದ್ದು ಬಿಟ್ಟು ಸುಮಾರು 6 ಲಕ್ಷ ಲೀಟರ್ ಸಿಕ್ಕೀತು. ಲಾನಿಗೆ ಅದು ಒಂದು ತಿಂಗಳ ನೀರು. ಅದೇ ನೀರು ಮರಗಳಿಗಾದರೆ, ಬೇರೂರುವ ಮೊದಲ ಎರಡು ಮೂರು ಬೇಸಿಗೆಯನ್ನು ದಾಟಿಸಿಬಿಡುತ್ತದೆ. ಆಮೇಲೆ ಬೇವು, ಹೊಂಗೆ ನಿಮ್ಮನ್ನು ನೀರು ಕೇಳುವುದಿಲ್ಲ.

ಇನ್ನು ಮರ ಎಲ್ಲಿ ಹಾಕಬೇಕು ಅನ್ನುವುದು. ಎಸ್ಟಿಮೇಟಿನಲ್ಲಿ ಸುಮ್ನೆ "ಗಿಡ ನೆಡುವುದು, 200" ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಸೂರ್ಯ ಎಲ್ಲಿರುತ್ತಾನೆ ಅಂತ ಯಾರೂ ನೋಡುವುದಿಲ್ಲ. ಮೇ ಎರಡನೇ ವಾರದ ಹೊತ್ತಿಗೆ ಕಲಬುರಗಿಯಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ. ಅಲ್ಲಿಂದ ಆಗಸ್ಟ್ ಶುರುವಿನವರೆಗೆ ಸ್ವಲ್ಪ ಉತ್ತರಕ್ಕೇ ವಾಲಿರುತ್ತಾನೆ. ಹಾಗಾಗಿ ನಮ್ಮಲ್ಲಿ ಬೇಸಿಗೆಗೆ ದಕ್ಷಿಣದ ಗೋಡೆ ಅಷ್ಟಾಗಿ ಕಾಯುವುದಿಲ್ಲ. ಕಾಯುವುದು ಪಶ್ಚಿಮದ ಗೋಡೆ. ಮಧ್ಯಾಹ್ನ ಮೂರರಿಂದ ಸಂಜೆವರೆಗೆ ಓರೆ ಬಿಸಿಲು ನೇರ ಗೋಡೆಗೆ, ಕಿಟಕಿಗೆ ಬಡಿಯುತ್ತದೆ. ಎಸಿಗೆ ಜಾಸ್ತಿ ಕೆಲಸ ಬೀಳುವುದೂ ಆಗಲೇ. ಮೊದಲ ಸಾಲು ಮರ ಅಲ್ಲಿಗೆ ಬೇಕು. ಎರಡನೆಯದು ಪೂರ್ವಕ್ಕೆ. ದಕ್ಷಿಣಕ್ಕೆ ಎತ್ತರದ ಮರ ಬೇಡವೇ ಬೇಡ, ಚಳಿಗಾಲದಲ್ಲಿ ಅದರ ನೆರಳು ಪ್ಯಾನೆಲ್ ಮೇಲೆ ಬೀಳುತ್ತದೆ. ಅಲ್ಲಿ ಕಣಗಿಲೆ, ದಾಸವಾಳದಂಥ ಗಿಡ ಸಾಕು.

ಯಾವ ಮರ? ಬೇವು ಮತ್ತು ಹೊಂಗೆ. ಹೊಸದೇನೂ ಹೇಳುತ್ತಿಲ್ಲ, ಗೊತ್ತು. ಆದರೆ ಕಾರಣ ಇದೆ. ಎರಡೂ ಯುಗಾದಿಯ ಆಸುಪಾಸಿನಲ್ಲಿ ಹಳೆ ಎಲೆ ಉದುರಿಸಿ ಚಿಗುರುತ್ತವೆ. ಬಿಸಿಲು ಏರುವ ಹೊತ್ತಿಗೆ ನೆರಳು ತಯಾರಿರುತ್ತದೆ. ಗುಲ್‌ಮೊಹರ್, ಮುತ್ತುಗ ಹಾಗಲ್ಲ. ಹೂವು ನೋಡಲು ಚಂದ, ನೆರಳು ಬೇಕಾದ ಹೊತ್ತಿಗೆ ಕೊಂಬೆ ಬೋಳು. ಗೇಟಿನ ಹತ್ತಿರ ಒಂದೆರಡು ಇರಲಿ. ಕಾಂಪೌಂಡ್ ಬದಿಗೆ ಹುಣಸೆ ಹಾಕಿ, ನಿಧಾನ ಬೆಳೆದರೂ ತಲೆಮಾರುಗಟ್ಟಲೆ ನಿಲ್ಲುತ್ತದೆ. "ಬೇಗ ಹಸಿರಾಗಬೇಕು" ಅಂತ ಯಾರಾದರೂ ಕೊನೊಕಾರ್ಪಸ್ ಎಂಬ ವಿದೇಶಿ ಮರ ತಂದು ನಿಲ್ಲಿಸಿದರೆ ವಾಪಸ್ ಕಳಿಸಿ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿದೆ.

ಬೇವು ಕಸ ಹಾಕುತ್ತದೆ ಎನ್ನುವುದು ಸಾಹೇಬರ ತಕರಾರು ಎಂದಿದ್ದೀರಿ. ಹಾಕುತ್ತದೆ. ಆ ಕಸವನ್ನು ಗುಡಿಸಿ ಸುಡುವ ಬದಲು ಗಿಡದ ಬುಡಕ್ಕೇ ಮೂರು ನಾಲ್ಕು ಬೆರಳು ದಪ್ಪ ಹರಡಿಸಿ. ನೀರು ಬೇಗ ಆರುವುದಿಲ್ಲ. ಲಾನ್ ಕತ್ತರಿಸುವ ಕೂಲಿಯೂ ಉಳಿಯಿತು.

ಎಡವುವುದು ಮಣ್ಣಿನ ವಿಷಯದಲ್ಲಿ. ನಮ್ಮದು ಎರೆ, ಅಂದರೆ ಕಪ್ಪು ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಗೋಡೆಗೆ ಅಂಟಿಕೊಂಡು ಲಾನ್ ಮಾಡಿ ದಿನಾ ನೀರು ಬಿಟ್ಟರೆ ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಕುಗ್ಗಿ, ಕಟ್ಟಡಕ್ಕೇ ಬಿರುಕು ಬರುತ್ತದೆ. ಗೋಡೆಯ ಸುತ್ತ ಒಂದೂವರೆ ಮೀಟರ್ ಶಹಾಬಾದ್ ಫರಸಿ ಹಾಸಿ, ಹೊರಕ್ಕೆ ಇಳಿಜಾರು ಕೊಡಿ. ಹೊಂಗೆ ಗೋಡೆಯಿಂದ 8–10 ಮೀಟರ್ ದೂರ ಇರಲಿ. ಆಲ, ಅರಳಿ, ಬಸರಿ ಇನ್ನೂ ದೂರ, ಕಾಂಪೌಂಡಿನ ಮೂಲೆಗೆ.

ಇಂಗುಗುಂಡಿಯ ವಿಷಯವೂ ಹಾಗೇ. ಬೆಂಗಳೂರಿನ ನಕ್ಷೆ ತಂದು ಇಲ್ಲಿ ತೋಡಿದರೆ ಎರೆಯಲ್ಲಿ ನೀರು ಇಂಗದೆ ಕೆಸರಾಗಿ ನಿಂತು ಸೊಳ್ಳೆ ಸಾಕುತ್ತದೆ. ಮಾಳಿಗೆಯ ನೀರನ್ನು ಜಲ್ಲಿ, ಮರಳಿನಲ್ಲಿ ಸೋಸಿ ನೆಲದಡಿಯ ಸಂಪ್‌ಗೆ ಬಿಡಿ, ಮಿಕ್ಕಿದ್ದನ್ನು ಬೋರಿನ ಮರುಪೂರಣಕ್ಕೆ. ಬೀದರಿನವರ ಅದೃಷ್ಟ ಬೇರೆ. ಅಲ್ಲಿ ಮೇಲೆ ಕೆಂಪು ಜಂಬಿಟ್ಟಿಗೆ ಕಲ್ಲು, ಅದರಡಿ ಗಟ್ಟಿ ಕಪ್ಪು ಕಲ್ಲು. ಮೇಲಿಂದ ಇಂಗಿದ ನೀರು ಎರಡರ ನಡುವೆ ನಿಲ್ಲುತ್ತದೆ. ಬಹಮನಿ ಕಾಲದಲ್ಲಿ ನೌಬಾದಿನ ಸುರಂಗ ಬಾವಿ ತೋಡಿದವರು ಹಿಡಿದದ್ದು ಈ ನೀರನ್ನೇ. ಬೀದರಿನ ಕಚೇರಿಗಳು ಧಾರಾಳವಾಗಿ ಇಂಗುಗುಂಡಿ ಮಾಡಲಿ.

ಕೈ ತೊಳೆದ ನೀರು, ಕುಡಿಯುವ ನೀರು ಶುದ್ಧ ಮಾಡುವ ಆರ್‌ಓ ಯಂತ್ರ ಬಿಟ್ಟ ನೀರು, ಎಸಿಯಿಂದ ತೊಟ್ಟಿಕ್ಕುವ ನೀರು ಈಗ ಚರಂಡಿಗೆ ಹೋಗುತ್ತಿರಬೇಕು. ಹೈದರಾಬಾದಿನಲ್ಲಿ 2004ರಲ್ಲಿ ಅಬ್ದುಲ್ ಕಲಾಂ ಉದ್ಘಾಟಿಸಿದ ಗೋದ್ರೆಜ್ ಗ್ರೀನ್ ಬಿಸಿನೆಸ್ ಸೆಂಟರ್‌ನಲ್ಲಿ ಬಳಸಿದ ನೀರನ್ನು ಗಿಡಗಳ ಬೇರಿನ ನಡುವೆ ಹಾಯಿಸಿ ತೋಟಕ್ಕೆ ಬಿಡುವ ವ್ಯವಸ್ಥೆ ಇದೆ. ಜಲ್ಲಿ ತುಂಬಿದ ಒಂದು ಕಾಲುವೆ, ಅದರಲ್ಲಿ ಕಾಬಾಳೆ ಗಿಡ. ಇದಕ್ಕೆ ದೊಡ್ಡ ಟೆಂಡರ್ ಬೇಕಿಲ್ಲ.

ಪೇವರ್ ಎಲ್ಲ ಕಿತ್ತು ಹಾಕಿ ಅನ್ನುವುದಿಲ್ಲ. ಗಾಡಿ ಓಡಾಡುವ ದಾರಿ ಹಾಗೇ ಇರಲಿ. ಜನ ಸರದಿ ನಿಲ್ಲುವ ಕಡೆ ಕಿತ್ತು, ಮರಳಿನ ಮೇಲೆ ಸಂದು ಬಿಟ್ಟು ಫರಸಿ ಹಾಸಿ, ಹೊಂಗೆ ನೆಡಿ, ಮರದ ಸುತ್ತ ಕಟ್ಟೆ ಕಟ್ಟಿಸಿ. ಹೊಂಗೆ ಬೆಳೆಯುವ ತನಕ ತಗಡಿನ ಬದಲು ಬಿದಿರು ತಟ್ಟಿಯ ಚಪ್ಪರ ಹಾಕಿಸಿ. ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ ಇದೇ. ಕರೆಂಟ್ ಬಳಕೆ ನೋಡಿ ಕಟ್ಟಡಕ್ಕೆ ಸ್ಟಾರ್ ಕೊಡುವವರು ಒಳಗೆ ಕೂತವರ ಎಸಿ ಅಳೆಯುತ್ತಾರೆ, ಹೊರಗೆ ಕಾಯುವವರೂ ಆ ಕಟ್ಟಡವನ್ನು ಬಳಸುವವರೇ.

ದುಡ್ಡಿಲ್ಲ ಎಂದರೆ ಹಳೆ ಕಡತ ತೆಗೆಸಿ. ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅರಣ್ಯ ಇಲಾಖೆಯ ಅನುಮತಿ ಬೇಕು. ಬದಲಿ ಗಿಡ ನೆಡಬೇಕೆಂಬ ಷರತ್ತು ಅದರಲ್ಲೇ ಇರಬಹುದು. ಇದ್ದರೆ ಅದೇ ನಿಮ್ಮ ದಾರಿ. ಗಿಡ ಅರಣ್ಯ ಇಲಾಖೆಯ ನರ್ಸರಿಯಲ್ಲೇ ಸಿಗುತ್ತದೆ, ಆಳೆತ್ತರದ್ದು ಕೇಳಿ. ಗುಂಡಿ ಬೇಸಿಗೆಯಲ್ಲೇ ತೋಡಿ ಬಿಸಿಲಿಗೆ ಬಿಡಿ, ಮಿರಗದ (ಮೃಗಶಿರ) ಮಳೆ ಬಿದ್ದ ಮೇಲೆ ನೆಡಿ. ಎಸ್ಟಿಮೇಟಿನಲ್ಲಿ ಮೂರು ವರ್ಷದ ನಿರ್ವಹಣೆ ಬರೆಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಫೋಟೊ ತೆಗೆದ ಮರುದಿನದಿಂದ ಗಿಡಕ್ಕೆ ದಿಕ್ಕಿರುವುದಿಲ್ಲ.

ಬೋರಿನ ಮೋಟಾರಿಗೆ ಬೇರೆ ಮೀಟರ್ ಇದೆಯಾ ನೋಡಿ. ಇದ್ದರೆ ಈ ಬೇಸಿಗೆಯ ರೀಡಿಂಗ್ ಬರೆದು ಕಳಿಸಿ. ನನ್ನ 20 ಯೂನಿಟ್ಟಿನ ಅಂದಾಜಿನ ಪಕ್ಕ ಅದನ್ನೂ ಅಚ್ಚು ಹಾಕುತ್ತೇವೆ, ಕಚೇರಿಯ ಹೆಸರಿಲ್ಲದೆ.

— ಸಂಪಾದಕ