ಮಗನ ಎದೆಯಲ್ಲಿ ಗಂಟು: ಗಾಬರಿ ಬೇಕೆ?

ಪ್ರಶ್ನೆ: ಮಗನಿಗೆ 13 ವರ್ಷ. ಒಂದು ತಿಂಗಳಿಂದ ಬಲಗಡೆ ಮೊಲೆತೊಟ್ಟಿನ ಕೆಳಗೆ ಗಂಟಿದೆ, ಅಂಗಿ ತಾಗಿದರೂ ನೋವಂತೆ. ಧ್ವನಿ ಒಡೆದಿದೆ, ಮಾತೆತ್ತಿದರೆ ಸಿಡುಕುತ್ತಾನೆ. ಏನಾದರೂ ಕಾಯಿಲೆಯೇ?

ಉತ್ತರ: ಬಹುತೇಕ ಅಲ್ಲ. ಪ್ರಾಯಕ್ಕೆ ಬರುವ ಹುಡುಗರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇಂಥ ಗಂಟು ಬರುತ್ತದೆ. ಹೆಣ್ಣು ಹಾರ್ಮೋನ್ ಎನ್ನುವ ಈಸ್ಟ್ರೋಜೆನ್ ಹುಡುಗರ ದೇಹದಲ್ಲೂ ಇರುತ್ತದೆ; ಗಂಡು ಹಾರ್ಮೋನ್ ಟೆಸ್ಟೋಸ್ಟಿರೋನ್ ಇನ್ನೂ ಪೂರ್ತಿ ಏರದ ಹೊತ್ತಿನಲ್ಲಿ ಈಸ್ಟ್ರೋಜೆನ್ ಕೈ ಸ್ವಲ್ಪ ಮೇಲಾಗುತ್ತದೆ. ಮುಟ್ಟಿದರೆ ತೊಟ್ಟಿನ ನೇರ ಕೆಳಗೆ ನಾಣ್ಯದಂತೆ ಚಪ್ಪಟೆಯಾಗಿ, ರಬ್ಬರಿನ ಹಾಗೆ ಸಿಗುತ್ತದೆ. ಒಂದೇ ಬದಿಗೂ ಬರಬಹುದು. ಸಾಮಾನ್ಯವಾಗಿ 6 ತಿಂಗಳಿಂದ 2 ವರ್ಷದೊಳಗೆ ತಾನಾಗಿ ಕರಗುತ್ತದೆ. ಹಿಸುಕುವುದು, ಎಣ್ಣೆ ಹಚ್ಚಿ ಉಜ್ಜುವುದು ಬೇಡ, ನೋವು ಹೆಚ್ಚುತ್ತದಷ್ಟೇ. ಸಡಿಲವಾದ, ಮೆತ್ತನೆಯ ಅಂಗಿ ಸಾಕು.

ಗಂಟು ತೊಟ್ಟಿನಿಂದ ಪಕ್ಕಕ್ಕಿದ್ದರೆ, ಕಲ್ಲಿನಂತೆ ಗಟ್ಟಿಯಾಗಿದ್ದರೆ, ತೊಟ್ಟಿನಿಂದ ದ್ರವ ಬಂದರೆ, ವೇಗವಾಗಿ ಬೆಳೆದರೆ ಅಥವಾ ವೃಷಣದಲ್ಲೂ ಗಂಟು ಕಂಡರೆ ವೈದ್ಯರಿಗೆ ತೋರಿಸಿ. ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಕೆಲವು ಔಷಧಿಗಳಿಂದಲೂ ಹೀಗಾಗುತ್ತದೆ.

ಧ್ವನಿಪೆಟ್ಟಿಗೆ ಬೆಳೆದು ಧ್ವನಿತಂತುಗಳು ಉದ್ದ, ದಪ್ಪ ಆಗುವಾಗ ಹಿಡಿತ ತಪ್ಪಿ ದನಿ ಕೀರಲಾಗುತ್ತದೆ. ಕೆಲವು ತಿಂಗಳಲ್ಲಿ ನೆಲೆ ನಿಲ್ಲುತ್ತದೆ.

ಸಿಡುಕಿಗೆ ಹಾರ್ಮೋನನ್ನಷ್ಟೇ ದೂರಬೇಡಿ. ಈ ವಯಸ್ಸಿನಲ್ಲಿ ನಿದ್ದೆಯ ಹೊತ್ತೇ ತಡವಾಗುತ್ತದೆ, ಬೆಳಗ್ಗೆ ಬೇಗ ಎಬ್ಬಿಸುತ್ತೇವೆ. ಬೇಕಿರುವುದು ದಿನಕ್ಕೆ 8ರಿಂದ 10 ಗಂಟೆ ನಿದ್ದೆ. ಜೊತೆಗೆ, ಎದೆಯ ಗಂಟನ್ನು ಯಾರಾದರೂ ನೋಡಿ ನಕ್ಕಾರೆಂಬ ಅಳುಕು ಅವನಿಗಿರಬಹುದು. ನೆಂಟರೆದುರು ಆ ಮಾತು ಎತ್ತಲೇಬೇಡಿ. ಎರಡು ವಾರಕ್ಕೂ ಮೀರಿ ಮಂಕಾಗಿ, ಊಟ, ಆಟ, ಗೆಳೆಯರು ಎಲ್ಲ ಬಿಟ್ಟರೆ ಅದು ಬೇರೆ ಮಾತು, ವೈದ್ಯರನ್ನು ಕಾಣಿ.