ಫಾರ್ಮ್ ತುಂಬಿದೆ, ಮಾತು ಬಾಕಿ ಇದೆ

"ಫಾಸ್ಟರ್ ಕೇರ್ (ಮಕ್ಕಳನ್ನು ಬೇರೆ ಮನೆಯಲ್ಲಿ ಸಾಕಲು ಕೊಡುವ) ವಿಭಾಗದಲ್ಲಿ ಏಳು ಸಮಾಜ ಕಾರ್ಯಕರ್ತರಿಗೆ ನಾನು ಮೇಲ್ವಿಚಾರಕಿ. ಮನೆಭೇಟಿಯ ವರದಿ ತಡವಾದರೆ ಮೇಲಿನವರು ನನ್ನನ್ನೇ ಹಿಡಿಯುತ್ತಾರೆ. ಅದಕ್ಕೆ ಒಬ್ಬೊಬ್ಬರ ಜೊತೆ ಕೂರುವ ಒಂದು ಗಂಟೆಯನ್ನು ಹದಿನೈದು ನಿಮಿಷಕ್ಕೆ ಇಳಿಸಿದ್ದೇನೆ. ಮೊನ್ನೆ ಒಬ್ಬಳು ನನ್ನೆದುರೇ ಅತ್ತಳು. ಇಷ್ಟು ಮೆತ್ತಗಿದ್ದರೆ ಈ ಕೆಲಸ ಮಾಡೋಕಾಗುತ್ತಾ?"
– ಓದುಗರೊಬ್ಬರು

ವರದಿ ಹೊತ್ತಿಗೆ ಸರಿಯಾಗಿ ಬರಬೇಕು, ಒಪ್ಪಿದೆ. ಕಾರ್ಯಕರ್ತೆ ಕೆಲಸ ಬಿಟ್ಟು ಹೋದರೆ ಮುಂದೆ ಬರುವವರಿಗೆ ಆ ಕಾಗದವೇ ದಾರಿ. ಆದರೆ ಮೇಡಂ, ನನಗೆ ಚುಚ್ಚಿದ್ದು ಆ ಹದಿನೈದು ನಿಮಿಷ.

ಇಂಗ್ಲೆಂಡಿನಲ್ಲಿ ಡೆನಿಸ್ ಓನೀಲ್ ಅಂತ ಒಬ್ಬ ಹುಡುಗನಿದ್ದ. ಸಾಕಲು ಕೊಟ್ಟಿದ್ದ ಮನೆಯಲ್ಲೇ, ಹೊಡೆತ ತಿಂದು, ಹಸಿದು, 1945ರ ಜನವರಿಯಲ್ಲಿ ಸತ್ತ. ವಯಸ್ಸು 12. ಅದಕ್ಕೆ ಕೆಲವೇ ವಾರಗಳ ಮೊದಲು ಒಬ್ಬಾಕೆ ಆ ಮನೆಗೆ ಹೋಗಿ ನೋಡಿದ್ದರು. ಮಕ್ಕಳನ್ನು ಅಲ್ಲಿಂದ ಕರೆತರಬೇಕು ಅಂತ ವರದಿಯನ್ನೂ ಕೊಟ್ಟಿದ್ದರು. ಹುಡುಗ ಅಲ್ಲೇ ಉಳಿದ. ಆಮೇಲೆ ವಿಚಾರಣೆ ನಡೆಯಿತು, 1948ರಲ್ಲಿ ಮಕ್ಕಳ ಕಾಯ್ದೆಯೂ ಬಂತು. ವರದಿಯಂತೂ ಬಂದಿತ್ತು, ಅಲ್ವಾ?

ನಿಮ್ಮದೇ ಕೆಲಸದಲ್ಲಿದ್ದ ಗೆಳತಿಯೊಬ್ಬಳು ನನಗಿದ್ದಳು. ಕೈಕೆಳಗಿನವರು ಅವಳ ಮುಂದೆ "ಮಗು ಚೆನ್ನಾಗಿದೆ" ಅಂತಷ್ಟೇ ಬರೆದುಕೊಂಡು ಹೋದರೆ ಮುಗಿಯಿತು, ಬಿಡುತ್ತಿರಲಿಲ್ಲ. ಪೆನ್ನು ಕೆಳಗಿಟ್ಟು ಶುರು ಮಾಡುತ್ತಿದ್ದಳು: ಎಲ್ಲಿ ಮಲಗುತ್ತೆ? ರಾತ್ರಿ ದೀಪ ಇರುತ್ತಾ? ಆ ಮನೆಯವರನ್ನು ಏನಂತ ಕರೆಯುತ್ತೆ? ಹೀಗೆ ಕೇಳುತ್ತಿದ್ದಾಗ ಒಮ್ಮೆ ಮನೆಭೇಟಿಗೆ ಹೋಗಿ ಬಂದ ಕಾರ್ಯಕರ್ತ ಹುಡುಗನೊಬ್ಬ, "ಅಯ್ಯೋ, ದಿಂಬಿನ ಕೆಳಗೆ ಬಿಸ್ಕತ್ತು ಇಟ್ಟುಕೊಂಡಿತ್ತು ಮೇಡಂ, ನಗು ಬಂತು" ಅಂದನಂತೆ. ಅವಳು ನಗಲಿಲ್ಲ. ಹಸಿದು ಬೆಳೆದ ಮಗು ತುಂಬಿದ ಮನೆಯಲ್ಲೂ ತಿಂಡಿ ಬಚ್ಚಿಡುತ್ತೆ. ಅಥವಾ ಈ ಮನೆಯಲ್ಲೂ ಊಟ ಸಾಲುತ್ತಿಲ್ಲ. ಎರಡರಲ್ಲಿ ಯಾವುದು? ಹುಡುಗ ಮರುದಿನವೇ ಮತ್ತೆ ಹೋದ. ದಿಂಬಿಗೆ ಯಾವ ಫಾರ್ಮಿನಲ್ಲೂ ಕಾಲಂ ಇರಲ್ಲ.

ಇನ್ನು ಅಳು. 1960ರಲ್ಲಿ ಇಸಬೆಲ್ ಮೆಂಜೀಸ್ ಅನ್ನುವವರು ಲಂಡನ್ನಿನ ಒಂದು ಆಸ್ಪತ್ರೆಯ ದಾದಿಯರ ಬಗ್ಗೆ ಬರೆದರು. ಅಲ್ಲಿ ರೋಗಿಗೆ ಎಷ್ಟೋ ಸಲ ಹೆಸರೇ ಇರುತ್ತಿರಲಿಲ್ಲ, "ಹತ್ತನೇ ಮಂಚದ ಲಿವರ್" ಅಂತ ಕರೆಯುತ್ತಿದ್ದರು. ದಾದಿಯರು ಕಲ್ಲುಮನಸ್ಸಿನವರು ಅಂತಲ್ಲ. ಅಷ್ಟು ನೋವನ್ನು ದಿನಾ ಹತ್ತಿರದಿಂದ ನೋಡೋಕೆ ಆಗದೆ ಇಡೀ ವ್ಯವಸ್ಥೆಯೇ ಹೀಗೆ ಮರೆ ಕಟ್ಟಿಕೊಂಡಿತ್ತು. ನಿಮ್ಮ ಆರು ಜನ ಅಳುತ್ತಿಲ್ಲ ಅಂತ ನೀವು ಸಮಾಧಾನದಲ್ಲಿದ್ದೀರಿ. ನನಗೆ ಭಯವಾಗುವುದು ಅವರದ್ದೇ. ನಿಮ್ಮೆದುರು ಅತ್ತ ಹುಡುಗಿಗೆ ಮಗು ಇನ್ನೂ ಮಗುವಾಗಿಯೇ ಕಾಣುತ್ತಿದೆ.

ನಿಮ್ಮನ್ನೊಬ್ಬರನ್ನೇ ಬೈದರೆ ತಪ್ಪಾಗುತ್ತೆ. ಈಗ ಎಲ್ಲ ಕಡೆ ಇದೇ ಪಾಡು. ಮೇಷ್ಟ್ರು ಪಾಠಕ್ಕಿಂತ ಪಾಠದ ದಾಖಲೆಯನ್ನೇ ಜಾಸ್ತಿ ಬರೆಯುತ್ತಾರೆ. ಡಾಕ್ಟರು ನಮ್ಮ ಮುಖ ಬಿಟ್ಟು ಪರದೆ ನೋಡುತ್ತಾರೆ. ನಮ್ಮ ಪತ್ರಿಕೆಯ ಕಚೇರಿಯೇನು ಕಡಿಮೆಯೇ? ನಾನು ಸೇರಿದ ಹೊಸತರಲ್ಲಿ ಹಿರಿಯರು ಪಕ್ಕದಲ್ಲಿ ಕೂರಿಸಿಕೊಂಡು, "ಈ ವಾಕ್ಯ ಯಾಕೆ ಬರೆದೆ, ಹೇಳು" ಅನ್ನುತ್ತಿದ್ದರು. ಈಗ ನಾನು ಹುಡುಗರಿಗೆ ಕೇಳುವುದು ಎಷ್ಟು ಜನ ಓದಿದರು ಅಂತ. ಹಾಗಾಗಿ ಈ ಬೈಗುಳದಲ್ಲಿ ಅರ್ಧ ನನ್ನ ಪಾಲಿಗೂ ಇರಲಿ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ವರದಿ ತಡವಾದರೆ ಯಾರು ಹಿಡಿಯುತ್ತಾರೆ, ಮಾತಿಗೆ ಎಷ್ಟು ನಿಮಿಷ ಉಳಿಯಿತು, ಎಲ್ಲ ಬರೆದಿದ್ದೀರಿ. ಆ ಹುಡುಗಿ ಅವತ್ತು ಯಾವ ಮನೆಗೆ ಹೋಗಿ ಬಂದಿದ್ದಳು ಅನ್ನುವುದು ಮಾತ್ರ ಇಲ್ಲ. ಕೇಳಿ ನೋಡಿ, ನನಗೂ ಬರೆಯಿರಿ.

– ಸಂ.